ಹಸಿರು ಚಿರತೆ, ರಾಣಿ ಬಣ್ಣದ ಕಾಡುಬೆಕ್ಕು

ನಾಗಪುರದ ನಮ್ಮ ಪ್ರತಾಪ ನಗರದ ಮಹಿಳಾ ಮಂಡಳದಲ್ಲಿ ಕಸೂತಿ ಕಲಿಯುವ ಹುಡುಗಿಯರು ಮೊನ್ನೆ ಮನೆಗೆ ಬಂದು, "ಆಜಿ, ನಿಮ್ಮ ಕೆಲಸದ ಅನುಭವ ಬರೆದುಕೊಡಿ, ನಾವು ಓದುತ್ತೇವೆ" ಎಂದರು. ಅವರಲ್ಲಿ ಕನ್ನಡ ಓದಲು ಬರುವುದು ಇಬ್ಬರಿಗೆ. ಒಬ್ಬಳು ನನ್ನ ಮೊಮ್ಮಗಳು. ಅವಳು ಒತ್ತಕ್ಷರ ಕಂಡ ಕೂಡಲೇ ಆ ಶಬ್ದವನ್ನೇ ದಾಟಿ ಮುಂದಕ್ಕೆ ಹೋಗುತ್ತಾಳೆ. ಇರಲಿ. ಬರೆಯುವುದು ನನ್ನ ಪಾಲು, ಓದುವುದು ಅವರ ಹಣೆಬರಹ.

ಬಡ್ತಿಯ ವಿಷಯ ಮಾತ್ರ ಕೇಳಬೇಡಿ. ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಬಡ್ತಿ ಎರಡೇ: ಚಾಪೆಯಿಂದ ಸ್ಟೂಲಿಗೆ, ಸ್ಟೂಲಿನಿಂದ ಕುರ್ಚಿಗೆ. ಕುರ್ಚಿಗೆ ಬರುವ ಹೊತ್ತಿಗೆ ಬೆನ್ನು ಹಿಡಿದುಕೊಂಡಿತ್ತು. ಅದಕ್ಕೇ ಕೊಟ್ಟರು ಅಂತ ಕಾಣುತ್ತದೆ.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ನಮ್ಮವರು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಗದಗಿನಿಂದ ಬಂದ ಹೊಸದರಲ್ಲಿ ನಾನು ಒಂದು ಅರಿಷಿಣ ಕುಂಕುಮಕ್ಕೆ ಕಸೂತಿ ಹಾಕಿದ ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ. ಅಲ್ಲಿ ಮರಾಠಿ ಹೆಂಗಸೊಬ್ಬರು ನನ್ನ ಸೆರಗನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಯಜಮಾನರು ಭಾವೂಸಾಹೇಬರು ಪರದೆ, ದಿಂಬು, ಸೋಫಾ ಹೊದಿಕೆಗಳ ವ್ಯಾಪಾರಿ. ಮರುವಾರವೇ ಕೆಲಸಕ್ಕೆ ಕರೆ ಬಂತು.

ನಮ್ಮವರು ಮುಖ ಗಂಟಿಕ್ಕಿಕೊಂಡರು. "ನೀ ಕಾರ್ಖಾನಿಗೆ ಹೋದ್ರ ಮಂದಿ ಏನಂತಾರ?"

"ಮಂದಿ ಏನಂತಾರಂತ ನೀವು ಕೇಳ್ಕೊಂಡು ಬರ್ರಿ. ಅಷ್ಟರಾಗ ನಾ ಹೋಗಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡೆ.

ಊರಲ್ಲಿ ನೀಲವ್ವ ಆಗಿದ್ದವಳು ಅವತ್ತಿನಿಂದ ನೀಲಾಬಾಯಿ ಆದೆ. ಭಾವೂಸಾಹೇಬರದು ಮರಾಠಿ, ನನಗೆ ಹೊಲಿಗೆ ಕಲಿಸಿದ ಉಸ್ತಾದರದು ಹಿಂದೂಸ್ತಾನಿ. ಆದರೆ ಅವರ ಮಾತುಗಳೆಲ್ಲ ನನ್ನ ತಲೆಯೊಳಗೆ ಗದಗಿನ ಕನ್ನಡವಾಗಿಯೇ ಉಳಿದಿವೆ. ಹಾಗೇ ಬರೆಯುತ್ತೇನೆ.

ಕಾರ್ಖಾನೆ ಇದ್ದದ್ದು ಇತವಾರಿಯಲ್ಲಿ, ಒಂದು ಒಣಮೆಣಸಿನಕಾಯಿ ಸಗಟು ಅಂಗಡಿಯ ಮೇಲ್ಮಾಳಿಗೆಯಲ್ಲಿ. ಕೆಳಗೆ ಚೀಲ ಬಿಚ್ಚಿದರೆ ಮೇಲೆ ನಾವೆಲ್ಲ ಒಟ್ಟಿಗೆ ಸೀನುತ್ತಿದ್ದೆವು. ಸೀನು ಬರುವ ಮುನ್ನ ಸೂಜಿಯನ್ನು ಬಟ್ಟೆಯಿಂದ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗುಲಾಬಿಗೆ ಒಂದು ದಳ ಜಾಸ್ತಿಯಾಗುತ್ತದೆ. ನಾನು ಕಲಿತ ಮೊದಲ ಪಾಠ ಅದು.

ಒಂದು ದಿನ ಭಾವೂಸಾಹೇಬರು ಮಾಲು ಸುತ್ತಲೆಂದು ರದ್ದಿ ಕಾಗದದ ಕಟ್ಟು ತಂದರು. ಅದರೊಳಗೆ ಒಂದು ದೊಡ್ಡ ಹಳೆಯ ಪುಸ್ತಕ. ಯಾವನೋ ಬ್ರಿಟಿಷ್ ಶಿಕಾರಿ ಸಾಹೇಬ ನೂರು ವರ್ಷದ ಹಿಂದೆ ಬರೆಸಿದ್ದು. ಪುಟ ತಿರುವಿದರೆ ಹುಲಿ, ಚಿರತೆ, ಚೀತಾ, ಮೀನು ಹಿಡಿಯುವ ಬೆಕ್ಕು, ಜೊಂಡಿನ ಬೆಕ್ಕು, ಎಲ್ಲಕ್ಕೂ ಕೈಯಿಂದ ಬಣ್ಣ ತುಂಬಿದ್ದರು. ಚಿತ್ರಗಾರ ಜೀವಂತ ಪ್ರಾಣಿ ನೋಡಿದವನಲ್ಲ, ತೊಗಲು ನೋಡಿ ಬರೆದವನು. ಹಾಗಾಗಿ ಹುಲಿಯ ಮುಖ ಪಿಂಚಣಿ ಬಾರದ ಹೆಡ್ಮಾಸ್ತರರ ಮುಖದಂತಿತ್ತು. ನಾನು ನಕ್ಕೆ. ಭಾವೂಸಾಹೇಬರು ನಗಲಿಲ್ಲ, ಅವರ ಕಣ್ಣು ಅರಳಿತು.

"ಎಲ್ಲಾರೂ ಗುಲಾಬಿ ಮಾಡ್ತಾರ, ನವಿಲು ಮಾಡ್ತಾರ. ನಾವು ಈ ಕಾಡಬೆಕ್ಕು ಮಾಡೂಣು, ನೀಲಾಬಾಯಿ. ದಿಂಬಿನ ಮ್ಯಾಲೆ!"

ಮೊದಲ ಹುಲಿ ದಿಂಬು ಹೋದದ್ದು ಧರಮಪೇಠದ ಒಂದು ಮನೆಗೆ. ಎರಡೇ ದಿನಕ್ಕೆ ಆ ಮನೆಯ ಅತ್ತೆ ದಿಂಬನ್ನು ಎದೆಗವಚಿಕೊಂಡು ಅಂಗಡಿಗೆ ಬಂದರು. "ದೇವಿಯ ವಾಹನದ ಮೇಲೆ ಕುಂಡಿ ಊರಬೇಕೇನು ನಾವು?"

"ಋಷಿಗಳು ಹುಲಿ ಚರ್ಮದ ಮೇಲೆ ಕೂಡ್ತಿದ್ದರಲ್ಲ ಆಜಿ," ಎಂದರು ಭಾವೂಸಾಹೇಬರು.

"ನನ್ನ ಮಗ ಋಷಿಯಲ್ಲ, ಪೋಸ್ಟಾಫೀಸಿನವನು!"

"ಹಾಗಾದರೆ ಬೆನ್ನಿಗೆ ಇಟ್ಟುಕೊಳ್ಳಿ."

"ದೇವಿಗೆ ಬೆನ್ನು ತೋರಿಸೂದೇ?"

ಕೊನೆಗೆ ದಿಂಬು ವಾಪಸಾಗಲಿಲ್ಲ, ದೇವರ ಕೋಣೆಗೆ ಹೋಯಿತು. ಹುಲಿಯ ಹಣೆಗೆ ಕುಂಕುಮ ಬಿತ್ತು. ಅದನ್ನು ನೋಡಲು ಬಂದ ಅಕ್ಕಪಕ್ಕದವರು ತಮಗೂ ಬೇಕೆಂದು ನಾಲ್ಕು ಹುಲಿ ಹೇಳಿ ಹೋದರು. ಆ ಯಾವ ದಿಂಬಿನ ಮೇಲೂ ಯಾರೂ ಕೂತಿರಲಿಕ್ಕಿಲ್ಲ. ಹುಡುಗಿಯರೇ, ನೀವು ಮಾಡಿದ್ದನ್ನು ಗಿರಾಕಿ ಏನು ಮಾಡುತ್ತಾನೆಂದು ಬೆನ್ನು ಹತ್ತಿ ನೋಡಬೇಡಿ.

ಇನ್ನು ನಮ್ಮ ಉಸ್ತಾದರು. ಹೆಸರು ರಹೀಮ್, ಆದರೆ ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬಿಳಿ ಗಡ್ಡ, ಉದ್ದ ಬೆರಳು, ಮೂಗಿನ ಮೇಲೆ ಸಿಟ್ಟು. ಅವರು ರೇಷ್ಮೆ ದಾರದಲ್ಲಿ ಹಾಕುವ ರೋಮ ನಾಗಪುರದಲ್ಲಿ ಇನ್ನೊಬ್ಬರ ಕೈಗೆ ಬರುತ್ತಿರಲಿಲ್ಲ. ಉದ್ದ ಒಂದು ಹೊಲಿಗೆ, ಗಿಡ್ಡ ಒಂದು ಹೊಲಿಗೆ, ಒಂದರೊಳಗೊಂದು ಸೇರಿ ಚಿರತೆಯ ಮೈ ನಿಜವಾಗಿ ಸವರಬೇಕೆನ್ನುವ ಹಾಗೆ ಆಗುತ್ತಿತ್ತು.

ಪದ್ಧತಿ ಹೀಗಿತ್ತು. ಚಿತ್ರದ ಮೇಲೆ ತೆಳು ಕಾಗದ ಇಟ್ಟು ಗೆರೆ ಎತ್ತುವುದು, ಗೆರೆಗುಂಟ ಸೂಜಿಯಿಂದ ತೂತು ಚುಚ್ಚುವುದು. ಇದಕ್ಕೆ ಖಾಕಾ ಅನ್ನುತ್ತಾರೆ. ಖಾಕಾವನ್ನು ಬಟ್ಟೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಒರೆಸಿದರೆ ಗೆರೆ ಇಳಿಯುತ್ತದೆ. ಆಮೇಲೆ ಬಟ್ಟೆಯನ್ನು ಅಡ್ಡಾ ಎನ್ನುವ ಮರದ ಚೌಕಟ್ಟಿಗೆ ಬಿಗಿಯುವುದು. ಖಾಕಾ ನನ್ನದು, ಮೈ ಉಸ್ತಾದರದು, ಹಿನ್ನೆಲೆಯ ಹುಲ್ಲು ಮಾಲತಿ ಎನ್ನುವ ಹುಡುಗಿಯದು. ಕಣ್ಣು ಕೊನೆಗೆ, ಅದೂ ನನ್ನದೇ. ಉಸ್ತಾದರು ಕಣ್ಣು ಹಾಕುತ್ತಿರಲಿಲ್ಲ. "ಜೀವ ಕೊಡೋದು ಮ್ಯಾಲಿನವನ ಕೆಲಸ ಬೇಟಿ, ಅದನ್ನ ನಾ ಮಾಡಂಗಿಲ್ಲ," ಅನ್ನುತ್ತಿದ್ದರು. ಭಾವೂಸಾಹೇಬರು ಚಿತಾರ ಓಳಿ ಎನ್ನುವ ಬೀದಿಯ ಮೂರ್ತಿಕಾರರ ಮನೆತನದವರು. ಅವರಲ್ಲಿಯೂ ಗಣಪತಿಗೆ ಕಣ್ಣು ಕೊನೆಗೇ. ಇಬ್ಬರ ಶ್ರದ್ಧೆ ಸೇರಿ ನಾಗಪುರದ ಅಷ್ಟೂ ಕಾಡುಬೆಕ್ಕುಗಳ ಕಣ್ಣು ನನ್ನ ಕೊರಳಿಗೆ ಬಿತ್ತು.

ಒಂದು ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಬಂದಾಗ ಉಸ್ತಾದರು ಬಾಗಿಲ ಬಳಿ ನಿಂತು ಬಾಗಿ, "ಆದಾಬ್ ಸೇಠ್‌ಜೀ, ಇವತ್ತು ಜಲ್ದಿ ಬಂದ್ರಿ," ಎನ್ನುತ್ತಿದ್ದರು. ಗೂಟಕ್ಕೆ ತೂಗುಬಿದ್ದದ್ದು ಭಾವೂಸಾಹೇಬರ ಕೋಟು. ಭಾವೂಸಾಹೇಬರು ಅದರೊಳಗೆ ಇರಲಿಲ್ಲ.

ಕೋಟು ಉತ್ತರ ಕೊಡಲಿಲ್ಲ. ಉಸ್ತಾದರಿಗೆ ನನ್ನ ಬಳೆಯ ಸದ್ದು ಕೇಳಿಸಿತು. "ನೋಡಿದ್ಯಾ ಬೇಟಿ?"

"ನೋಡಿದೆ."

"ಸೇಠ್‌ಜೀನೂ ನೋಡಿದ್ರೇನು?"

"ಅವರಿಲ್ಲ. ಅದು ಬರೇ ಕೋಟು ಉಸ್ತಾದ್‌ಜೀ."

ಆಗ ಗೊತ್ತಾಯಿತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕಾಣುತ್ತಿತ್ತು, ದಪ್ಪ ಗೆರೆ ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ. ದಾರದ ರೀಲುಗಳನ್ನು ಒಂದು ಉದ್ದ ತಟ್ಟೆಯಲ್ಲಿ ಒಂದೇ ಕ್ರಮದಲ್ಲಿ ಇಟ್ಟುಕೊಂಡು ಬೆರಳಿಂದ ಎಣಿಸಿ ತೆಗೆಯುತ್ತಿದ್ದರು. ಮೊದಲನೆಯದು ಬಿಳಿ, ಎರಡನೆಯದು ಕೆನೆ, ಮೂರನೆಯದು ಗೋದಿ ಬಣ್ಣ, ಹೀಗೆ. ಡಾಕ್ಟರರ ಚಾಕುವೆಂದರೆ ಅವರಿಗೆ ಜೀವಭಯ. ಅದಕ್ಕಿಂತ ದೊಡ್ಡ ಭಯ ಸೇಠರಿಗೆ ಗೊತ್ತಾಗುವುದು. ಮೂರು ವರ್ಷದ ಹಿಂದೆ, ಕೈ ನಡುಗಲು ಶುರುವಾದ ಸೋಫಾ ಪಾಲಿಶ್ ಕೆಲಸದವನಿಗೆ ಭಾವೂಸಾಹೇಬರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮನೆಗೆ ಕಳಿಸಿದ್ದರು. ಅಂದಿನಿಂದ ನಮ್ಮ ಕಾರ್ಖಾನೆಯಲ್ಲಿ ಶಾಲು ಕಂಡರೆ ಎಲ್ಲರೂ ಬೆವರುತ್ತಿದ್ದರು.

"ಹೆಂಡತಿ ಇಲ್ಲ, ಮಕ್ಕಳಿಲ್ಲ. ಈ ಅಡ್ಡಾ ಬಿಟ್ರ ನಾ ಎಲ್ಲಿ ಕೂಡಲಿ?" ಎಂದರು ಉಸ್ತಾದರು.

ನನಗೆ ರೋಮದ ಹೊಲಿಗೆ ಕಲಿಸುತ್ತಿದ್ದವರು ಅವರೊಬ್ಬರೇ. ಬೈದು ಬೈದು ಕಲಿಸುತ್ತಿದ್ದರು, ಆದರೂ ಅವರ ಮೇಲೆ ನನಗೆ ತಂದೆಯ ಮೇಲಿದ್ದಷ್ಟೇ ಪ್ರೀತಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ಖಾಕಾದ ಗೆರೆಯನ್ನು ದಪ್ಪಗೆ ಇಳಿಸತೊಡಗಿದೆ. ಬೆಳಿಗ್ಗೆ ಬೇಗ ಬಂದು ರೀಲುಗಳ ಕ್ರಮ ನೋಡುತ್ತಿದ್ದೆ. ಅವು ಯಾವಾಗಲೂ ಸರಿಯಾಗಿಯೇ ಇರುತ್ತಿದ್ದವು. ಕಣ್ಣಿಲ್ಲದಿದ್ದರೂ ಎಷ್ಟು ಅಚ್ಚುಕಟ್ಟು ಎಂದು ಉಸ್ತಾದರನ್ನು ಮನಸ್ಸಿನಲ್ಲೇ ಹೊಗಳುತ್ತಿದ್ದೆ.

ಆ ವರ್ಷ ದಸರೆಗೆ ಮುಂಚೆ ದೊಡ್ಡ ಕೆಲಸ ಬಂತು. ಅರಣ್ಯ ಇಲಾಖೆಯ ದೊಡ್ಡ ಸಾಹೇಬರೊಬ್ಬರ ಬಂಗಲೆಗೆ ಹನ್ನೆರಡು ದಿಂಬು, ಹನ್ನೆರಡು ಬೆಕ್ಕು. ದೀಪಾವಳಿಗೆ ದಿಲ್ಲಿಯಿಂದ ಅತಿಥಿಗಳು ಬರುವವರಿದ್ದರು. ಹತ್ತು ದಿಂಬು ದಸರೆಯೊಳಗೇ ಮುಗಿದವು. ಉಳಿದದ್ದು ಚಿರತೆ, ಮತ್ತೆ ಕಿವಿಯ ತುದಿಗೆ ಕಪ್ಪು ಕೂದಲ ಗೊಂಡೆ ಇರುವ ಒಂದು ಕಾಡುಬೆಕ್ಕು. ಉಸ್ತಾದರು ಅದನ್ನು ಸಿಯಾಗೋಶ್ ಅನ್ನುತ್ತಿದ್ದರು.

ಆಯುಧಪೂಜೆಯ ಖಂಡೇನವಮಿಯ ದಿನ ಪದ್ಧತಿಯಂತೆ ಎಲ್ಲ ಸಾಮಾನು ತೊಳೆದು ಒರೆಸಿ ಪೂಜೆಗೆ ಇಟ್ಟೆವು. ಕತ್ತರಿ, ಸೂಜಿಪೆಟ್ಟಿಗೆ, ಅಡ್ಡಾ, ಎಲ್ಲಕ್ಕೂ ಚೆಂಡುಹೂವು. ದಾರದ ರೀಲುಗಳನ್ನು ಭಾವೂಸಾಹೇಬರೇ ತಟ್ಟೆಯಿಂದ ತೆಗೆದು ದೇವಿಯ ಮುಂದೆ ರಂಗೋಲಿಯ ಹಾಗೆ ಜೋಡಿಸಿದರು. ಬಹಳ ಚಂದ ಕಂಡಿತು. ನಾನೂ ಹೊಗಳಿದೆ. ಮರುದಿನವೇ ಅವರು ದೀಪಾವಳಿಯ ಮಾಲು ತರಲು ಮುಂಬೈಗೆ ಹೋದರು, ನಾನು ಮಕ್ಕಳನ್ನು ಕರೆದುಕೊಂಡು ಗದಗಿಗೆ ಹೋದೆ. ಪೂಜೆಯ ರೀಲುಗಳನ್ನು ತಟ್ಟೆಗೆ ಮರಳಿ ತುಂಬಿದ್ದು ಮಾಲತಿ, ತನಗೆ ಚಂದ ಕಂಡ ಹಾಗೆ.

ಎರಡು ವಾರ ಬಿಟ್ಟು ಬಂದು ನೋಡುತ್ತೇನೆ, ಅಡ್ಡಾದ ಮೇಲೆ ಒಂದು ಗಿಣಿಹಸಿರು ಚಿರತೆ! ಮೈಮೇಲೆ ನೇರಳೆ ಹಣ್ಣಿನಂಥ ಜಾಂಬಳಿ ಬಣ್ಣದ ಚುಕ್ಕೆ. ಪಕ್ಕದಲ್ಲಿ ಸಿಯಾಗೋಶ್, ಮದುವೆ ಮನೆಯ ಮುತ್ತೈದೆಯ ಹಾಗೆ ಅಪ್ಪಟ ರಾಣಿ ಬಣ್ಣ, ಕಡುಗುಲಾಬಿ. ರೋಮ ಮಾತ್ರ ಒಂದೊಂದೂ ಎಣಿಸುವಂತೆ ಕೂತಿತ್ತು.

"ಮಾಲತಿ! ನಿನಗ ಕಣ್ಣಿದ್ದಿಲ್ಲೇನ?" ಎಂದು ಅವಳನ್ನು ಮೆಟ್ಟಿಲ ಬಳಿ ಎಳೆದುಕೊಂಡು ಹೋಗಿ ಪಿಸುಗುಟ್ಟಿದೆ.

"ಉಸ್ತಾದ್‌ಜೀ ಮಾಡಿದ್ದು ಅಂದಮೇಲೆ ಹೊಸ ಫ್ಯಾಶನ್ ಇರಬೇಕು ಅಂದುಕೊಂಡೆ ಬಾಯಿ."

ಉಸ್ತಾದರು ಕಿಟಕಿಯ ಬಳಿ ಚಹಾ ಕುಡಿಯುತ್ತ, "ಹ್ಯಾಂಗ್ ಬಂದೈತಿ ಬೇಟಿ?" ಎಂದರು, ಮುಖದ ತುಂಬ ಸಂತೋಷ.

"ಇಂಥಾ ಚಿರತಿ ನಾ ಜನ್ಮದಾಗ ನೋಡಿಲ್ಲ ಉಸ್ತಾದ್‌ಜೀ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಪ್ಪಿಸಲು ಉಳಿದದ್ದು ಎರಡೇ ದಿನ. ಬಿಚ್ಚಿ ಮತ್ತೆ ಹಾಕಲು ಎರಡು ವಾರ ಬೇಕು. ಭಾವೂಸಾಹೇಬರು ಮರುದಿನ ಬರುವವರು. ಹಸಿರು ಚಿರತೆ ಕಂಡ ಕೂಡಲೇ ಉಸ್ತಾದರ ಕಣ್ಣಿನ ವಿಷಯ ಹೊರಗೆ ಬೀಳುತ್ತದೆ, ಶಾಲು ಬರುತ್ತದೆ. ಆಮೇಲೆ ಒಂದು ಉಪಾಯ ಹೊಳೆಯಿತು. ಎಂಥ ದಡ್ಡ ಉಪಾಯ ಎಂದು ಈಗ ನಗು ಬರುತ್ತದೆ.

ಎರಡಕ್ಕೂ ಕಣ್ಣು ಹಾಕಿ ಮುಗಿಸಿ, ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದೆ. ಮಗಳ ಶಾಲೆಯ ಬಣ್ಣದ ಡಬ್ಬಿ ತೆಗೆದು ಅಡುಗೆಮನೆಯಲ್ಲಿ ಕೂತೆ. ಚಿತ್ರದಂತೆ ದಿಂಬು ಮಾಡುವುದು ನಮ್ಮ ಕಸುಬು. ಅವತ್ತು ನಾನು ದಿಂಬಿನಂತೆ ಚಿತ್ರ ಮಾಡಿದೆ. ನಮ್ಮವರು ಬಂದು ಇಣುಕಿ, "ಏನ ಇದು? ಚಿರತಿಗೆ ಕಾಮಾಲಿ ಆಗೈತೇನು?" ಎಂದರು.

"ಕಾಮಾಲಿ ಹಳದಿ ಇರ್ತೈತಿ. ನೀವು ಚಹಾ ಕುಡೀರಿ."

ಮರುದಿನ ಭಾವೂಸಾಹೇಬರು ದಿಂಬು ನೋಡಿದರು. ಪುಸ್ತಕ ನೋಡಿದರು. ನನ್ನನ್ನು ನೋಡಿದರು. ನಾನು ಮೇಲಿನ ತೊಲೆ ನೋಡಿದೆ. "ಬರೋಬರ್," ಎಂದು ಒಂದೇ ಮಾತು ಹೇಳಿ ಟಾಂಗಾ ತರಿಸಿದರು. ಬದುಕಿದೆ ಎಂದುಕೊಂಡೆ.

ಬಂಗಲೆಯ ವರಾಂಡದಲ್ಲಿ ಹನ್ನೆರಡು ದಿಂಬುಗಳನ್ನು ಸಾಲಾಗಿ ಇಟ್ಟೆವು. ಸಾಹೇಬರು ಮೀಸೆ ತಿರುವುತ್ತ ಒಂದೊಂದನ್ನೇ ನೋಡುತ್ತ ಬಂದರು. ಹುಲಿಗೆ ತಲೆಯಾಡಿಸಿದರು, ಚೀತಾಗೆ ಭೇಷ್ ಅಂದರು. ಹನ್ನೊಂದನೆಯದರ ಮುಂದೆ ನಿಂತರು.

"ಇದು ಏನು?"

"ಚಿರತೆ, ಸಾಹೇಬ," ಎಂದರು ಭಾವೂಸಾಹೇಬರು, ಮುಖದ ಒಂದು ಗೆರೆಯೂ ಅಲುಗಿಸದೆ. "ಹಳೇ ಪುಸ್ತಕದಲ್ಲಿ ಹೀಗೇ ಇದೆ."

"ಮೂವತ್ತು ವರ್ಷ ಕಾಡಿನಲ್ಲಿ ತಿರುಗಿದ್ದೇನೆ. ಎಲ್ಲಿದೆ ಪುಸ್ತಕ?"

ಪುಸ್ತಕ ಕೊಟ್ಟೆವು. ಸಾಹೇಬರು ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಚಿರತೆಯ ಹೊಟ್ಟೆಯ ಮೇಲೆ ಒರೆಸಿದರು. ಬೆರಳು ಹಸಿರಾಯಿತು. ಆ ಬೆರಳನ್ನು ನಮ್ಮಿಬ್ಬರ ಮುಖದ ಮುಂದೆ ಹಿಡಿದರು.

ನಾನು ಮುಂದೆ ಬಂದೆ. "ತಪ್ಪು ನನ್ನದು ಸಾಹೇಬ್. ದಿಂಬು ಹೊಲಿದದ್ದೂ ನಾನೇ, ಪುಟಕ್ಕೆ ಬಣ್ಣ ಬಳಿದದ್ದೂ ನಾನೇ. ಉಳಿದವರಿಗೆ ಏನೂ ಗೊತ್ತಿಲ್ಲ."

ಆಮೇಲೆ ಸಾಹೇಬರು ನನಗೆ ಚಿರತೆಯ ಮೇಲೆ ಪಾಠ ಮಾಡಿದರು. ಅದರ ಚುಕ್ಕೆ ಚುಕ್ಕೆಯಲ್ಲ, ಮುರಿದ ಉಂಗುರ, ಹೊಟ್ಟೆ ಬಿಳಿ, ಬಾಲದ ತುದಿ ಹೀಗೆ, ಮರ ಹತ್ತುವುದು ಹಾಗೆ. ಅವರ ಹೆಂಡತಿ ಬಾಯಿಸಾಹೇಬರು ಎರಡು ಸಲ ಊಟಕ್ಕೆ ಕರೆದರು, ಸಾಹೇಬರು ಚಿರತೆಯನ್ನು ಮರದಿಂದ ಇಳಿಸಲಿಲ್ಲ. ಕಡೆಗೆ ಹತ್ತು ದಿಂಬು ಇಟ್ಟುಕೊಂಡು, ಎರಡನ್ನು ನನ್ನ ಕೈಗೆ ಕೊಟ್ಟು ಕಳಿಸಿದರು.

ಟಾಂಗಾದಲ್ಲಿ ನಾನೂ ಭಾವೂಸಾಹೇಬರೂ ಮರಳಿ ಹೊರಟೆವು. ನನ್ನ ಮಡಿಲಲ್ಲಿ ಹಸಿರು ಚಿರತೆ, ಅವರ ಮಡಿಲಲ್ಲಿ ರಾಣಿ ಬಣ್ಣದ ಬೆಕ್ಕು. ದಾರಿಯವರು ನೋಡಿ ನಗುತ್ತಿದ್ದರು.

"ನೀಲಾಬಾಯಿ," ಎಂದರು ಅರ್ಧ ದಾರಿಯಲ್ಲಿ. "ಇವು ಹೊಲಿಯೂ ಹೊತ್ತಿನ್ಯಾಗ ನೀವು ಗದಗಿನ್ಯಾಗ ಇದ್ರಿ. ಗದಗಿನಿಂದ ಸೂಜಿ ಇಲ್ಲೀತನಕ ಮುಟ್ಟತೈತೇನು?"

ನಾನು ಚಿರತೆಯ ಬಾಲ ನೇವರಿಸತೊಡಗಿದೆ.

"ಆ ಪುಟ ನಾ ನೂರು ಸಲ ನೋಡೀನಿ. ಚಿರತಿ ಹಸಿರು ಇದ್ದಿದ್ರ ನನಗ ಗೊತ್ತಿರತಿದ್ದಿಲ್ಲೇನು? ಉಸ್ತಾದರಿಗೆ ಕಾಣಂಗಿಲ್ಲ ಅನ್ನೂದು ನನಗ ಎರಡು ವರ್ಷದಿಂದ ಗೊತ್ತೈತಿ. ದಿನಾ ಮುಂಜಾನೆ ಊದಿನಕಡ್ಡಿ ಹಚ್ಚೂ ನೆವದಾಗ ಬಂದು ಆ ರೀಲು ಜೋಡಸಾಂವ ನಾನ. ಪೂಜಾದ ದಿನ ರಂಗೋಲಿ ಮಾಡೂ ಹುಚ್ಚಿನ್ಯಾಗ ಮರತೆ. ತಪ್ಪು ನಂದು."

ನಾನು ಬಾಯಿ ತೆರೆದು ಕೂತೆ. "ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಆ ಮುದುಕ ಅವತ್ತ ಸೂಜಿ ಇಟ್ಟು ಹೊಂಟುಬಿಡತಿದ್ದ. ಪಾಲಿಶ್‌ನವನಿಗೆ ಶಾಲು ಹೊದಿಸಿದ ಮ್ಯಾಲೆ ನನಗ ತಿಂಗಳು ನಿದ್ದಿ ಬರಲಿಲ್ಲ, ಬಾಯಿ. ಇನ್ನೊಂದು ಶಾಲು ನನ್ನ ಕೈಲೆ ಆಗಂಗಿಲ್ಲ."

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಒಂದು ತಟ್ಟೆಯ ರೀಲುಗಳನ್ನು ಇಬ್ಬರು ಕದ್ದು ಕದ್ದು ಕಾಯುತ್ತಿದ್ದೆವು, ಒಬ್ಬರಿಗೊಬ್ಬರು ಗೊತ್ತಿಲ್ಲದೆ.

ಮರುದಿನ ಇದನ್ನು ಉಸ್ತಾದರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಸಿರು ಚಿರತೆಯ ಸುದ್ದಿ ಎತ್ತಲಿಲ್ಲ. ಹನ್ನೆರಡೂ ದಿಂಬು ಹೋದವು ಎಂದೆ. ಸೇಠರಿಗೆ ಕಣ್ಣಿನ ವಿಷಯ ಗೊತ್ತು, ಎರಡು ವರ್ಷದಿಂದ ಗೊತ್ತು ಎಂದೆ. ಅವರು ಗಡ್ಡ ನೀವಿಕೊಂಡರು. "ಅಂದ್ರ ಇಷ್ಟು ದಿನ ನಾ ಯಾರಿಂದ ಮುಚ್ಚಿಡ್ತಿದ್ದೆ?" ಎಂದು ಕೇಳಿ, ತಾವೇ ನಕ್ಕು, ಚಾಕುವಿಗೆ ಒಪ್ಪಿದರು. ಭಾವೂಸಾಹೇಬರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಳಗೆ ಹೋಗುವಾಗ ಉಸ್ತಾದರಿಗಿಂತ ಅವರ ಮುಖವೇ ಹೆಚ್ಚು ಬಿಳಿಚಿತ್ತು.

ಸಂಕ್ರಾಂತಿ ಕಳೆದ ಮೇಲೆ ಉಸ್ತಾದರು ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಎಲ್ಲವನ್ನೂ ಹೊಸದಾಗಿ ನೋಡಿದರು. "ಸೇಠ್‌ಜೀ, ನಿಮಗ ಕೂದಲ ಎಲ್ಲಿ ಹೋದವು?" ಎಂದರು. ನನ್ನನ್ನು ನೋಡಿ, "ಇಷ್ಟ ಇದ್ದೀ ನೀನು? ದನಿ ಕೇಳಿದ್ರ ಆಳೆತ್ತರ ಅನಸ್ತಿತ್ತು," ಎಂದರು. ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ಅಟ್ಟಣಿಗೆಯ ಮೇಲಿನ ಎರಡು ದಿಂಬುಗಳನ್ನು ಮುಚ್ಚಿಡಲು ಮರೆತಿದ್ದೆವು.

"ಯಾ ಅಲ್ಲಾ! ಏನಿದು?"

ಮಾಲತಿ ಬಗ್ಗಿ ಇಲ್ಲದ ಸೂಜಿ ಹುಡುಕತೊಡಗಿದಳು.

"ಹಸಿರು ಚಿರತಿ! ಯಾವ ಕತ್ತೆ ಮಾಡಿದ್ದು ಇದನ್ನ?"

ಭಾವೂಸಾಹೇಬರು ನನ್ನ ಮುಖ ನೋಡಿದರು. "ನಾನ ಉಸ್ತಾದ್‌ಜೀ," ಎಂದೆ.

ಅಬ್ಬಬ್ಬಾ, ಆ ಬೈಗುಳ! ಕಣ್ಣಿದ್ದೂ ಕುರುಡಿ ಅಂದರು, ನನ್ನ ಹೆಸರು ಕೆಡಿಸಿದಿ ಅಂದರು, ನಿನಗೆ ಕಲಿಸುವ ಬದಲು ಕೆಳಗಿನ ಮೆಣಸಿನಕಾಯಿ ಚೀಲಕ್ಕೆ ಕಲಿಸಬೇಕಿತ್ತು ಅಂದರು. ನಾನು ತಲೆ ತಗ್ಗಿಸಿ ನಿಂತೆ. ಬೈಯುತ್ತಲೇ ದಿಂಬಿನ ಹೊದಿಕೆ ಕಳಚಿ ಒಳಮೈ ಹೊರಗೆ ಮಾಡಿದರು. ಉಸ್ತಾದರೆಲ್ಲ ಹಾಗೇ, ಕೆಲಸವನ್ನು ಹಿಂಬದಿಯಿಂದ ನೋಡುತ್ತಾರೆ. ದಾರದ ತುದಿಯನ್ನು ಹೇಗೆ ಮರೆಸಿದ್ದಾರೆ ಎನ್ನುವುದು ಒಂದೊಂದು ಕೈಗೆ ಒಂದೊಂದು ಥರ.

ಅಲ್ಲಿಗೆ ಬೈಗುಳ ನಿಂತಿತು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಇನ್ನೊಮ್ಮೆ ನೋಡಿದರು. ಹೆಬ್ಬೆರಳಿಂದ ಒಂದು ತುದಿಯನ್ನು ಸವರಿದರು. ಭಾವೂಸಾಹೇಬರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

"ಬಣ್ಣ ಹಾಳು," ಎಂದರು ಉಸ್ತಾದರು, ಸಣ್ಣ ದನಿಯಲ್ಲಿ. "ಕೈ ಮಾತ್ರ ಚಲೋ ಐತಿ. ಯಾರ ಕಡೆ ಕಲತಿ ಬೇಟಿ?"

"ನಿಮ್ಮ ಕಡೇನ ಉಸ್ತಾದ್‌ಜೀ."

"ಹಂಗಾದ್ರ ಈಗ ನಾ ಬೈದದ್ದೆಲ್ಲಾ ನಿನಗ ಕಲಿಸಿದ ಆ ಮುದುಕಗ ಹತ್ತಲಿ," ಎಂದು ಹೇಳಿ, ಹೊದಿಕೆಯನ್ನು ಮಡಚಿ ಜುಬ್ಬಾದ ಕಿಸೆಯಲ್ಲಿಟ್ಟುಕೊಂಡು, ಅಡ್ಡಾದ ಮುಂದೆ ಕೂತರು.